ಯಾವ ಬಗೆಯದು ಎಂದು ಮೊದಲು ಕೇಳುವ ಕ್ಲಿನಿಕ್

ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹೃದ್ರೋಗ ವಿಭಾಗದವರೂ ಶ್ವಾಸಕೋಶ ವಿಭಾಗದವರೂ ಸೇರಿ ವಾರಕ್ಕೊಂದು ಮಧ್ಯಾಹ್ನ ನಡೆಸುವ, ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರುವ ಕಾಯಿಲೆಯ, ಅಂದರೆ ಪಲ್ಮನರಿ ಹೈಪರ್‌ಟೆನ್ಶನ್ ಕ್ಲಿನಿಕ್ ಈ ವಿಮರ್ಶೆಯ ವಸ್ತು. ದಾವಣಗೆರೆ ಸಮೀಪದ ಹಳ್ಳಿಯಲ್ಲಿರುವ ನನ್ನ ಅಕ್ಕನಿಗೆ ಅಲ್ಲಿ ಚಿಕಿತ್ಸೆಯಾಯಿತು. ಮೊದಲ ತಪಾಸಣೆಯಿಂದ ಹಿಡಿದು ಶಸ್ತ್ರಕ್ರಿಯೆ ಮತ್ತು ಮರುಭೇಟಿಗಳವರೆಗೆ ನಾನು ಜೊತೆಗಿದ್ದೆ. ಆಸ್ಪತ್ರೆಯ ಹೆಸರನ್ನು ಬೇಕೆಂದೇ ಬರೆದಿಲ್ಲ. ಹೊಗಳಿಕೆಯ ಜೊತೆಗೆ ದೂರುಗಳೂ ಇರುವ ಬರಹವಿದು. ಮೇಲಾಗಿ, ಓದುವವರು ಯಾವ ಊರಿನ ಯಾವ ಆಸ್ಪತ್ರೆಗೇ ಹೋಗಲಿ, ಇಂಥ ಕ್ಲಿನಿಕ್ಕನ್ನು ಯಾವುದರಿಂದ ಅಳೆಯಬೇಕು ಎಂಬುದು ಗೊತ್ತಾದರೆ ಹೆಸರಿಗಿಂತ ಹೆಚ್ಚು ಉಪಯೋಗವಾದೀತು ಎಂದು ನನಗನಿಸಿದೆ. ನಾನು ವೈದ್ಯನಲ್ಲ, ಬ್ಯಾಂಕಿನ ನೌಕರ. ಇಲ್ಲಿರುವ ವೈದ್ಯಕೀಯ ವಿವರಗಳು ರೋಗಿಯ ಕಡೆಯವನೊಬ್ಬ ಅರ್ಥಮಾಡಿಕೊಂಡ ಮಟ್ಟದವು. ಯಾರ ಮಾತ್ರೆಯನ್ನೂ ಇದನ್ನೋದಿ ಬದಲಿಸಬಾರದು.

ಕಾಯಿಲೆಯ ಪರಿಚಯವಿಲ್ಲದೆ ಕ್ಲಿನಿಕ್ಕಿನ ಗುಣದೋಷ ಹೇಳಲಾಗದು. ಹೃದಯದ ಎಡಭಾಗ ಇಡೀ ದೇಹಕ್ಕೆ ರಕ್ತ ತಳ್ಳಿದರೆ ಬಲಭಾಗ ಶ್ವಾಸಕೋಶಕ್ಕೆ ಮಾತ್ರ ತಳ್ಳುತ್ತದೆ. ಶ್ವಾಸಕೋಶದ ರಕ್ತನಾಳಗಳು ಅಗಲವಾಗಿಯೂ ಮೃದುವಾಗಿಯೂ ಇರುವುದರಿಂದ ಅಲ್ಲಿಯ ಸರಾಸರಿ ಒತ್ತಡ ಸಾಮಾನ್ಯವಾಗಿ 14 ಮಿಲಿಮೀಟರ್ ಪಾದರಸದ ಆಸುಪಾಸಿನಲ್ಲಿರುತ್ತದೆ. ವಿಶ್ರಾಂತಿಯಲ್ಲಿದ್ದಾಗಲೂ ಅದು 20ನ್ನು ಮೀರಿದರೆ ಪಲ್ಮನರಿ ಹೈಪರ್‌ಟೆನ್ಶನ್ ಎನ್ನುತ್ತಾರೆ. ಬಹುಕಾಲ ಈ ಗಡಿ 25 ಆಗಿತ್ತು. 2018ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ನಡೆದ ತಜ್ಞರ ಜಾಗತಿಕ ಸಮಾವೇಶ ಅದನ್ನು ಇಳಿಸಬೇಕೆಂದಿತು, 2022ರ ಯುರೋಪಿನ ಮಾರ್ಗಸೂಚಿ ಅದನ್ನು ಒಪ್ಪಿಕೊಂಡಿತು. ತೋಳಿಗೆ ಪಟ್ಟಿ ಕಟ್ಟಿ ನೋಡುವ ಬಿ.ಪಿ.ಗೂ ಇದಕ್ಕೂ ಸಂಬಂಧವಿಲ್ಲ. ನಮ್ಮಕ್ಕನ ತೋಳಿನ ಬಿ.ಪಿ. ಯಾವಾಗ ನೋಡಿದರೂ 110ರ ಹತ್ತಿರವಿದ್ದು, "ಬಿ.ಪಿ. ಚೆನ್ನಾಗಿದೆಯಲ್ಲಮ್ಮ" ಎಂಬ ಮಾತು ಎಲ್ಲ ಕಡೆ ಕೇಳಿ ಕೇಳಿ ಅವಳಿಗೂ ತನ್ನ ಏದುಸಿರು ಬರೀ ವಯಸ್ಸಿನದೆಂಬ ನಂಬಿಕೆ ಬಂದುಬಿಟ್ಟಿತ್ತು.

ಅಡಿಕೆ ತೋಟವಿರುವ ಮನೆಯವಳೆಂದು ತಿಳಿದ ಕ್ಲಿನಿಕ್ಕಿನ ವೈದ್ಯರು ಅವಳಿಗೆ ಹೇಳಿದ ಉದಾಹರಣೆ ಸರಳವಾಗಿತ್ತು: ಡ್ರಿಪ್ ಪೈಪುಗಳು ಕಸ ಕಟ್ಟಿಕೊಂಡಾಗ ಮೋಟಾರು ತಿಣುಕುತ್ತದೆ, ಬಿಸಿಯಾಗುತ್ತದೆ, ಕೊನೆಗೆ ಸುಡುತ್ತದೆ, ಸುಟ್ಟಿದ್ದು ಮೋಟಾರಾದರೂ ಕೆಟ್ಟಿದ್ದು ಪೈಪು. ಈ ಕಾಯಿಲೆಯಲ್ಲಿ ಮನುಷ್ಯನನ್ನು ಕೆಡಹುವುದು ಬಲ ಹೃದಯದ ಸೋಲೇ ಆದರೂ ಆ ಸೋಲಿನ ಕಾರಣ ಹೃದಯದ ಆಚೆ ಇರಬಹುದು. ಆ ಕಾರಣಗಳನ್ನು ತಜ್ಞರು ಐದು ಗುಂಪುಗಳಾಗಿ ವಿಂಗಡಿಸಿದ್ದಾರೆ. ಮೊದಲನೆಯದು ಶ್ವಾಸಕೋಶದ ಸಣ್ಣ ಅಪಧಮನಿಗಳೇ ದಪ್ಪಗಟ್ಟಿ ಕಿರಿದಾಗುವುದು. ಇದು ಕಾರಣ ತಿಳಿಯದೆಯೂ ಬರಬಹುದು, ವಂಶವಾಹಿಯಿಂದಲೂ, ಚರ್ಮ ಬಿಗಿದು ಗಟ್ಟಿಯಾಗುವ ಸ್ಕ್ಲೀರೋಡರ್ಮಾದಂಥ ಕಾಯಿಲೆಗಳಿಂದಲೂ, ಹುಟ್ಟಿನಿಂದ ಇದ್ದು ಮುಚ್ಚದೆ ಉಳಿದ ಹೃದಯದ ರಂಧ್ರದಿಂದಲೂ ಬರಬಹುದು. ಎರಡನೆಯದು ಎಡ ಹೃದಯದ ಕಾಯಿಲೆಯಿಂದ ಒತ್ತಡ ಹಿಂದಕ್ಕೆ ಏರುವುದು. ನಮ್ಮಲ್ಲಿ ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ (ಕೀಲುನೋವಿನ ಜ್ವರ) ಎಡ ಹೃದಯದ ಮೈಟ್ರಲ್ ಕವಾಟ ಕಿರಿದಾದವರು ಈ ಗುಂಪಿನಲ್ಲಿ ಬಹಳ. ಮೂರನೆಯದು ಶ್ವಾಸಕೋಶದ ದೀರ್ಘ ಕಾಯಿಲೆಗಳಿಂದ, ನಾಲ್ಕನೆಯದು ಹೆಪ್ಪುಗಟ್ಟಿದ ರಕ್ತ ಕರಗದೆ ಶ್ವಾಸಕೋಶದ ನಾಳಗಳಲ್ಲಿ ನಾರುಗಟ್ಟಿ ಉಳಿಯುವುದರಿಂದ ಆಗುವಂಥದು. ಐದನೆಯದರಲ್ಲಿ ಉಳಿದ ಬಿಡಿ ಕಾರಣಗಳೆಲ್ಲ ಸೇರುತ್ತವೆ. ಕೇರಳದ ಆಸ್ಪತ್ರೆಗಳು ಒಟ್ಟಾಗಿ ಸುಮಾರು ಎರಡು ಸಾವಿರ ರೋಗಿಗಳನ್ನು ದಾಖಲಿಸಿ ನಡೆಸಿದ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಎರಡನೆಯ ಗುಂಪಿನವರಾಗಿದ್ದರು.

ಒಂದೊಂದು ಗುಂಪಿನ ಚಿಕಿತ್ಸೆ ಒಂದೊಂದು ದಿಕ್ಕಿನದು. ಎರಡನೆಯ ಗುಂಪಿನವರಿಗೆ ಕವಾಟ ಅಥವಾ ಎಡ ಹೃದಯದ ಬೇರೆ ತೊಂದರೆಯನ್ನು ಸರಿಮಾಡಬೇಕು. ಶ್ವಾಸಕೋಶದ ನಾಳ ಅಗಲಿಸುವ ಮಾತ್ರೆ ಕೊಟ್ಟರೆ ಪ್ರಯೋಜನವಾಗದಿರುವುದಷ್ಟೇ ಅಲ್ಲ, ಕೆಲವೊಮ್ಮೆ ಶ್ವಾಸಕೋಶದಲ್ಲಿ ನೀರು ತುಂಬಿ ತೊಂದರೆಯಾಗಬಹುದು. ನಾಲ್ಕನೆಯ ಗುಂಪಿನವರಿಗೆ ಶಸ್ತ್ರಕ್ರಿಯೆಯಿಂದ ಬಹುಪಾಲು ಗುಣವಾಗುವ ಅವಕಾಶವಿದೆ; ಅವರನ್ನು ಮಾತ್ರೆಯ ಮೇಲೆ ವರ್ಷಗಟ್ಟಲೆ ಇಟ್ಟರೆ ಆ ಅವಕಾಶವೇ ತಪ್ಪಿಹೋಗಬಹುದು. ಆದ್ದರಿಂದ ಇಂಥ ಕ್ಲಿನಿಕ್ಕನ್ನು ಅಳೆಯುವ ಮೊದಲ ಕೋಲು ಅಲ್ಲಿ ಎಷ್ಟು ದುಬಾರಿ ಮಾತ್ರೆ ಸಿಗುತ್ತದೆ ಎಂಬುದಲ್ಲ. ಮಾತ್ರೆಯ ಚೀಟಿ ಬರೆಯುವ ಮೊದಲು ಯಾವ ಬಗೆಯದು ಎಂದು ಕೇಳಿ, ಉತ್ತರ ಸಿಗುವವರೆಗೆ ಅವರು ಬಿಡುವುದಿಲ್ಲವೇ ಎಂಬುದು. ಈ ಒಂದು ವಿಷಯದಲ್ಲಿ ನಾವು ಹೋದ ಕ್ಲಿನಿಕ್ಕಿಗೆ ನನ್ನಿಂದ ಪೂರ್ಣ ಅಂಕ.

ಅಲ್ಲಿಗೆ ಬರುವ ಮೊದಲು ಅಕ್ಕನಿಗೆ ಆದದ್ದು ಈ ಕಾಯಿಲೆಯ ಬಹುತೇಕ ರೋಗಿಗಳಿಗೆ ಆಗುವಂಥದೇ. ದಮ್ಮು ಎಂದಾಗ ಉಬ್ಬಸವೆಂದು ಇನ್ಹೇಲರ್, ಸುಸ್ತು ಎಂದಾಗ ರಕ್ತಹೀನತೆಯೆಂದು ಕಬ್ಬಿಣಾಂಶದ ಮಾತ್ರೆ, ಕಾಲು ಬಾತಾಗ ನೀರಿಳಿಸುವ ಮಾತ್ರೆ, ದೇವಸ್ಥಾನದ ಮೆಟ್ಟಿಲ ಮೇಲೆ ಕಣ್ಣು ಕತ್ತಲಿಟ್ಟು ಕುಸಿದಾಗ ಉಪವಾಸದ ನಿಶ್ಶಕ್ತಿ. ಯಾವುದೂ ದಡ್ಡತನದ ಊಹೆಯಲ್ಲ. ಈ ಲಕ್ಷಣಗಳು ಹತ್ತು ಕಾಯಿಲೆಗಳಿಗೆ ಸಾಮಾನ್ಯವಾದವು, ಮತ್ತು ಮುಂದುವರಿದ ದೇಶಗಳಲ್ಲೂ ಲಕ್ಷಣ ಕಾಣಿಸಿಕೊಂಡು ಸರಿಯಾದ ರೋಗನಿರ್ಣಯವಾಗುವ ಹೊತ್ತಿಗೆ ಎರಡು ವರ್ಷ ಮೀರುವುದು ಅಪರೂಪವಲ್ಲ. ಕೊನೆಗೆ ಒಬ್ಬ ವೈದ್ಯರು ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆ, ಮಾಡಿಸಿದರು. ವರದಿಯಲ್ಲಿ ಶ್ವಾಸಕೋಶದ ಅಪಧಮನಿಯ ಸಂಕೋಚನದ ಒತ್ತಡ (ಸರಾಸರಿಯಲ್ಲ, ಹೃದಯ ಸಂಕುಚಿಸಿದಾಗಿನ ಗರಿಷ್ಠ) 78 ಎಂದಿತ್ತು. "ಶ್ವಾಸಕೋಶಕ್ಕೆ ಬಿ.ಪಿ. ಬಂದಿದೆ" ಎಂದು ಸಿಲ್ಡೆನಾಫಿಲ್ ಬರೆದುಕೊಟ್ಟರು.

ಆ ಮಾತ್ರೆಯ ಬಗ್ಗೆ ಒಂದು ಮಾತು. ವಯಾಗ್ರ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾದ ಔಷಧವೇ ಇದು. ಶ್ವಾಸಕೋಶದ ನಾಳಗಳನ್ನು ಸಡಿಲಿಸುವ ಗುಣವಿರುವುದರಿಂದ 2005ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಮೊದಲನೆಯ ಗುಂಪಿನ ಕಾಯಿಲೆಗೆ 20 ಮಿಲಿಗ್ರಾಂ ಪ್ರಮಾಣದಲ್ಲಿ ದಿನಕ್ಕೆ ಮೂರು ಸಲ ಕೊಡಲು ಒಪ್ಪಿಗೆ ನೀಡಿದರು. ಊರಿನ ಮೆಡಿಕಲ್ ಶಾಪಿನ ಹುಡುಗ ಚೀಟಿ ನೋಡಿ ನಕ್ಕದ್ದರಿಂದ ಮಧ್ಯವಯಸ್ಸಿನ ಹೆಂಗಸೊಬ್ಬಳು ಮಾತ್ರೆ ತರಲು ಮಗನನ್ನು ಕಳಿಸುವುದನ್ನೇ ಬಿಟ್ಟಳು ಎಂಬುದು ನಗುವ ವಿಷಯವಲ್ಲ. ಕ್ಲಿನಿಕ್ಕಿನ ಸಿಸ್ಟರ್ ಇದನ್ನು ತಾವಾಗಿಯೇ ಕೇಳಿ ತಿಳಿದುಕೊಂಡು, ಕಾಯಿಲೆಯ ಹೆಸರನ್ನು ಚೀಟಿಯ ಮೇಲೆಯೇ ಸ್ಪಷ್ಟವಾಗಿ ಬರೆದುಕೊಡುವ ಪದ್ಧತಿ ಇಟ್ಟುಕೊಂಡಿದ್ದಾರೆ. ಎದೆನೋವಿಗೆ ನಾಲಿಗೆ ಕೆಳಗಿಡುವ ನೈಟ್ರೇಟ್ ಮಾತ್ರೆಯನ್ನು ಇದರ ಜೊತೆ ಯಾವ ಕಾರಣಕ್ಕೂ ತೆಗೆದುಕೊಳ್ಳಬಾರದು, ಬಿ.ಪಿ. ಅಪಾಯಕರವಾಗಿ ಕುಸಿಯುತ್ತದೆ ಎಂಬ ಎಚ್ಚರಿಕೆಯನ್ನೂ ಅದೇ ಚೀಟಿಯಲ್ಲಿ ಕನ್ನಡದಲ್ಲಿ ಮುದ್ರಿಸಿದ್ದಾರೆ. ಸಣ್ಣ ಕೆಲಸ, ಆದರೆ ಯೋಚಿಸಿ ಮಾಡಿದ ಕೆಲಸ.

ಮೊದಲ ಭೇಟಿಯಲ್ಲಿ ವೈದ್ಯರು ಎಕೋ ವರದಿಯನ್ನು ಬದಿಗಿಟ್ಟು ಪ್ರಶ್ನೆಗಳಿಂದ ಆರಂಭಿಸಿದರು. ಗೊರಕೆ ಹೊಡೆಯುತ್ತಾರೆಯೇ, ಚಳಿಯಲ್ಲಿ ಬೆರಳುಗಳು ಬೆಳ್ಳಗಾಗಿ ನೀಲಿಗಟ್ಟುತ್ತವೆಯೇ, ಚಿಕ್ಕವರಿದ್ದಾಗ ಕೀಲುನೋವಿನ ಜ್ವರ ಬಂದಿತ್ತೇ, ತೂಕ ಇಳಿಸುವ ಮಾತ್ರೆ ತಿಂದದ್ದುಂಟೇ, ಗುಲ್ಮ ತೆಗೆಸಿದ್ದಾರೆಯೇ, ಎಷ್ಟು ಹೆರಿಗೆ, ಗರ್ಭಪಾತಗಳಾಗಿವೆಯೇ, ಕಾಲು ಎಂದಾದರೂ ಒಂದೇ ಕಡೆ ಬಾತಿತ್ತೇ. ಪ್ರತಿಯೊಂದು ಪ್ರಶ್ನೆಯೂ ಒಂದೊಂದು ಗುಂಪಿನ ಬಾಗಿಲನ್ನು ತಟ್ಟುವಂಥದೆಂದು ನನಗೆ ಆಮೇಲೆ ಗೊತ್ತಾಯಿತು. ಕೊನೆಯ ಪ್ರಶ್ನೆಗೆ ಅಕ್ಕ, ಹಲವು ವರ್ಷಗಳ ಹಿಂದೆ ಕಾಲು ಮುರಿದು ಪ್ಲಾಸ್ಟರ್ ಹಾಕಿಸಿಕೊಂಡಿದ್ದನ್ನೂ, ಬಿಚ್ಚಿದ ಮೇಲೂ ಆ ಮೀನಖಂಡ ಬಹಳ ದಿನ ಬಿಗಿದುಕೊಂಡೇ ಇದ್ದುದನ್ನೂ ಹೇಳಿದಳು. ನಮ್ಮ ಮನೆಯಲ್ಲಿ ಯಾರೂ ಅದನ್ನು ಏದುಸಿರಿನೊಂದಿಗೆ ಜೋಡಿಸಿ ನೋಡಿರಲಿಲ್ಲ, ನೋಡುವ ಕಾರಣವೂ ಇರಲಿಲ್ಲ.

ಕಾಲಿನ ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕಳಚಿ ಶ್ವಾಸಕೋಶ ಸೇರಿದರೆ ಬಹುಪಾಲು ಜನರಲ್ಲಿ ಅದು ತಿಂಗಳುಗಳಲ್ಲಿ ಕರಗುತ್ತದೆ. ಕೆಲವರಲ್ಲಿ ಮಾತ್ರ ಕರಗದೆ ನಾಳದ ಗೋಡೆಗೇ ಅಂಟಿ ನಾರುಗಟ್ಟುತ್ತದೆ. ಇದೇ ನಾಲ್ಕನೆಯ ಗುಂಪು. ಅಂತರರಾಷ್ಟ್ರೀಯ ನೋಂದಣಿಯೊಂದರ ಪ್ರಕಾರ ಇಂಥ ರೋಗಿಗಳಲ್ಲಿ ಸುಮಾರು ಕಾಲುಭಾಗದಷ್ಟು ಮಂದಿಗೆ ಹೆಪ್ಪು ಶ್ವಾಸಕೋಶಕ್ಕೆ ಹೋದ ಘಟನೆ ಯಾವಾಗಲೂ ಗೊತ್ತಾಗಿರುವುದೇ ಇಲ್ಲ. ಆದ್ದರಿಂದ ಇತಿಹಾಸ ಇರಲಿ ಇಲ್ಲದಿರಲಿ, ಕಾರಣ ತಿಳಿಯದ ಪಲ್ಮನರಿ ಹೈಪರ್‌ಟೆನ್ಶನ್ ಇರುವವರಿಗೆ ವಿ-ಕ್ಯೂ ಸ್ಕ್ಯಾನ್ ಮಾಡಿಸಬೇಕೆಂಬುದು ಮಾರ್ಗಸೂಚಿಗಳ ನಿಯಮ. ವಿಕಿರಣ ಸೂಸುವ ಟೆಕ್ನೀಶಿಯಂ ಎಂಬ ಧಾತುವನ್ನು ಅತ್ಯಲ್ಪ ಪ್ರಮಾಣದಲ್ಲಿ ರಕ್ತಕ್ಕೆ ಸೇರಿಸಿ, ವಿಕಿರಣ ಸೂಸುವ ವಸ್ತುವನ್ನು ಉಸಿರಿನ ಮೂಲಕವೂ ಕೊಟ್ಟು, ಶ್ವಾಸಕೋಶದ ಯಾವ ಭಾಗಕ್ಕೆ ಗಾಳಿ ಹೋಗುತ್ತಿದೆ, ಯಾವ ಭಾಗಕ್ಕೆ ರಕ್ತ ಹೋಗುತ್ತಿಲ್ಲ ಎಂಬುದನ್ನು ಹೋಲಿಸಿ ನೋಡುವ ಪರೀಕ್ಷೆಯಿದು. ಇದು ಪೂರ್ತಿ ಸಹಜವಾಗಿ ಬಂದರೆ ನಾಲ್ಕನೆಯ ಗುಂಪನ್ನು ಬಹುತೇಕ ಕೈಬಿಡಬಹುದು. ನ್ಯೂಕ್ಲಿಯರ್ ಮೆಡಿಸಿನ್ ವಿಭಾಗವಿರುವ ಆಸ್ಪತ್ರೆಯಲ್ಲಷ್ಟೇ ಇದಾಗುವುದರಿಂದ ಜಿಲ್ಲಾ ಕೇಂದ್ರಗಳಲ್ಲಿ ಸುಲಭವಾಗಿ ಸಿಗದು. ಅಕ್ಕನಿಗೆ ಮೊದಲೇ ಮಾಡಿಸಿದ್ದ ಸಿ.ಟಿ. ಸ್ಕ್ಯಾನಿನ ವರದಿಯಲ್ಲಿ ಹೆಪ್ಪು ಇಲ್ಲವೆಂದೇ ಬರೆದಿತ್ತು. ಹಳೆಯದಾಗಿ ಗೋಡೆಗೆ ಅಂಟಿದ ಹೆಪ್ಪು ತಾಜಾ ಹೆಪ್ಪಿನ ಹಾಗೆ ಕಾಣದಿರುವುದರಿಂದ ಅದನ್ನು ಓದಲು ಅಭ್ಯಾಸವಿರುವ ಕಣ್ಣು ಬೇಕಂತೆ. ವಿ-ಕ್ಯೂ ಸ್ಕ್ಯಾನಿನಲ್ಲಿ ಎರಡೂ ಶ್ವಾಸಕೋಶಗಳ ಹಲವು ಭಾಗಗಳಿಗೆ ರಕ್ತವೇ ಹೋಗದಿರುವುದು ಕಂಡಿತು. ಅದಾದ ಮೇಲೆ ಹಳೆಯ ಸಿ.ಟಿ. ಚಿತ್ರಗಳನ್ನು ತರಿಸಿ ಅಲ್ಲಿಯ ರೇಡಿಯಾಲಜಿಸ್ಟ್ ಮತ್ತೆ ನೋಡಿದಾಗ ಅದರಲ್ಲೂ ಗುರುತುಗಳು ಸಿಕ್ಕವು.

ಆರು ನಿಮಿಷದ ನಡಿಗೆ ಪರೀಕ್ಷೆಯನ್ನು ನೋಡಿ ಅಕ್ಕ ನಕ್ಕಳು. ಇಷ್ಟು ದೊಡ್ಡ ಆಸ್ಪತ್ರೆಗೆ ಬಂದು ಕಾರಿಡಾರಿನಲ್ಲಿ ನಡೆಯುವುದೇ ಎಂದು. 30 ಮೀಟರ್ ಉದ್ದದ ನೇರ ದಾರಿಯಲ್ಲಿ ತನ್ನ ವೇಗಕ್ಕೆ ತಕ್ಕಂತೆ ಆರು ನಿಮಿಷ ನಡೆಯಬೇಕು, ಬೇಕಾದರೆ ನಿಲ್ಲಬಹುದು. 440 ಮೀಟರಿಗಿಂತ ಹೆಚ್ಚು ನಡೆದರೆ ಅಪಾಯ ಕಡಿಮೆಯ ವರ್ಗ, 165ಕ್ಕಿಂತ ಕಡಿಮೆಯಾದರೆ ಹೆಚ್ಚು ಅಪಾಯದ ವರ್ಗ ಎಂಬ ಲೆಕ್ಕವನ್ನು ಹೃದಯದ ಮೇಲಿನ ಭಾರ ತಿಳಿಸುವ ಎನ್.ಟಿ.-ಪ್ರೊ ಬಿ.ಎನ್.ಪಿ. ಎಂಬ ರಕ್ತಪರೀಕ್ಷೆಯೊಂದಿಗೆ ಸೇರಿಸಿ ನೋಡುತ್ತಾರೆ. ಯಂತ್ರವಿಲ್ಲದ ಈ ಪರೀಕ್ಷೆಯ ಬೆಲೆ ಮರುಭೇಟಿಗಳಲ್ಲಿ ತಿಳಿಯುತ್ತದೆ, ಏಕೆಂದರೆ ಹಿಂದಿನ ಸಲಕ್ಕಿಂತ ಎಷ್ಟು ಮೀಟರ್ ಹೆಚ್ಚು ಎಂಬುದು ರೋಗಿಗೆ ತಾನೇ ಅರ್ಥವಾಗುವ ಏಕೈಕ ಅಂಕಿ. ಆದರೆ ಕ್ಲಿನಿಕ್ಕಿನ ದಿನ ಆ ಕಾರಿಡಾರಿನಲ್ಲಿ ಸ್ಟ್ರೆಚರ್‌ಗಳೂ ಊಟದ ಗಾಡಿಗಳೂ ಓಡಾಡುತ್ತಿದ್ದು, ಅಕ್ಕ ಬದಿಗೆ ಸರಿದು ನಿಂತು ದಾರಿ ಬಿಡಬೇಕಾಯಿತು. ಅಳತೆಗೆ ಅರ್ಥವಿರಬೇಕಾದರೆ ದಾರಿ ತೆರವಾಗಿರಬೇಕಲ್ಲವೇ ಎಂದು ಕೇಳಿದೆ. ಸಿಸ್ಟರ್ ಒಪ್ಪಿದರು, ಮುಂದಿನ ಭೇಟಿಯಲ್ಲೂ ಗಾಡಿಗಳು ಓಡಾಡುತ್ತಲೇ ಇದ್ದವು.

ಈಗ ಬಲ ಹೃದಯದ ಕ್ಯಾತಿಟರ್ ಪರೀಕ್ಷೆ. ಬಹಳ ಮಂದಿ ಹೆದರಿ ಹಿಂಜರಿಯುವುದು ಇಲ್ಲೇ, ಮತ್ತು ತಜ್ಞರ ಕ್ಲಿನಿಕ್ಕಿಗೂ ಸಾಮಾನ್ಯ ಒಪಿಡಿಗೂ ಇರುವ ವ್ಯತ್ಯಾಸ ಢಾಳಾಗಿ ಕಾಣುವುದೂ ಇಲ್ಲೇ. ಎಕೋ ಒತ್ತಡವನ್ನು ನೇರವಾಗಿ ಅಳೆಯುವುದಿಲ್ಲ. ಬಲಭಾಗದ ಟ್ರೈಕಸ್ಪಿಡ್ ಕವಾಟದಿಂದ ಹಿಂದಕ್ಕೆ ಸೋರುವ ರಕ್ತದ ವೇಗವನ್ನು ಹಿಡಿದು, ಅದರ ವರ್ಗವನ್ನು ನಾಲ್ಕರಿಂದ ಗುಣಿಸಿ, ಬಲ ಹೃತ್ಕರ್ಣದಲ್ಲಿ ಇಷ್ಟಿರಬಹುದೆಂಬ ಅಂದಾಜನ್ನು ಅದಕ್ಕೆ ಕೂಡಿಸುತ್ತದೆ. ವೇಗ ಅಳೆಯುವ ಕೋನ ಸ್ವಲ್ಪ ತಪ್ಪಿದರೆ ವರ್ಗದಲ್ಲಿ ಆ ತಪ್ಪು ದೊಡ್ಡದಾಗುತ್ತದೆ; ಒಂದೇ ರೋಗಿಯಲ್ಲಿ ನಿಜವಾದ ಒತ್ತಡಕ್ಕೂ ಎಕೋದ ಅಂದಾಜಿಗೂ ಹತ್ತು ಮಿಲಿಮೀಟರಿಗಿಂತ ಹೆಚ್ಚು ಅಂತರ ಬರುವುದುಂಟು. ಇನ್ನೂ ಮುಖ್ಯವಾಗಿ, ಒತ್ತಡ ಹೆಚ್ಚಿದೆ ಎಂದು ಎಕೋ ಹೇಳಬಲ್ಲದಾದರೂ ಆ ಒತ್ತಡ ಶ್ವಾಸಕೋಶದ ನಾಳಗಳಲ್ಲೇ ಹುಟ್ಟಿದ್ದೋ, ಎಡ ಹೃದಯದಿಂದ ಹಿಂದಕ್ಕೆ ಏರಿದ್ದೋ ಎಂದು ಖಚಿತವಾಗಿ ಹೇಳಲಾರದು. ಕ್ಯಾತಿಟರ್ ಅದನ್ನು ಹೇಳುತ್ತದೆ. ಕುತ್ತಿಗೆಯ ಅಥವಾ ತೊಡೆಯ ಅಭಿಧಮನಿಯಿಂದ ತೆಳುವಾದ ನಳಿಕೆಯನ್ನು ಬಲ ಹೃದಯದ ಮೂಲಕ ಶ್ವಾಸಕೋಶದ ಅಪಧಮನಿಯವರೆಗೆ ಸಾಗಿಸುತ್ತಾರೆ. ಅದರ ತುದಿಯ ಪುಟ್ಟ ಬಲೂನನ್ನು ಉಬ್ಬಿಸಿ ನಾಳದ ಕವಲೊಂದನ್ನು ಕ್ಷಣಕಾಲ ಮುಚ್ಚಿದಾಗ ಸಿಗುವ ಒತ್ತಡ ಎಡ ಹೃದಯದ ಕಡೆಯ ಸ್ಥಿತಿಯನ್ನು ತೋರಿಸುತ್ತದೆ; ಅದು 15ರ ಒಳಗಿದ್ದರೆ ತೊಂದರೆ ಎಡ ಹೃದಯದ್ದಲ್ಲ.

1929ರಲ್ಲಿ ಜರ್ಮನಿಯ ವರ್ನರ್ ಫೋರ್ಸ್‌ಮನ್ ಎಂಬ ತರುಣ ವೈದ್ಯ ತನ್ನದೇ ತೋಳಿನ ನಾಳದಿಂದ ನಳಿಕೆ ತೂರಿಸಿಕೊಂಡು ಎಕ್ಸ್‌ರೇ ತೆಗೆಸಿಕೊಂಡಾಗ ಹುಚ್ಚುತನವೆನಿಸಿಕೊಂಡಿದ್ದ ಈ ವಿಧಾನಕ್ಕೆ 1956ರಲ್ಲಿ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಬಂತು. ಅಕ್ಕನಿಗೆ ಈ ಕಥೆ ಹೇಳಿದರೆ ಧೈರ್ಯ ಬರುತ್ತದೆಂದು ನಾನಂದುಕೊಂಡಿದ್ದೆ; ಅವಳಿಗೆ ಧೈರ್ಯ ಬಂದದ್ದು, ಅದೇ ಪರೀಕ್ಷೆ ಮಾಡಿಸಿಕೊಂಡಿದ್ದ ಚಿತ್ರದುರ್ಗದ ಹೆಂಗಸೊಬ್ಬರು ಪಕ್ಕದ ಕುರ್ಚಿಯಲ್ಲಿ ಕುಳಿತು, "ಇಂಜೆಕ್ಷನ್ ಚುಚ್ಚಿದಷ್ಟೇ ಕಣವ್ವಾ, ಎಚ್ಚರ ಇರ್ತದೆ, ಮಧ್ಯಾಹ್ನಕ್ಕೆ ಊಟ ಮಾಡ್ಬೋದು" ಎಂದಾಗ. ಹಾಗೆಯೇ ಆಯಿತು ಕೂಡ. ಸರಾಸರಿ ಒತ್ತಡ 46, ಎಡಗಡೆಯದು 10, ಹೃದಯ ನಿಮಿಷಕ್ಕೆ ಹೊರಹಾಕುವ ರಕ್ತ 4 ಲೀಟರ್. ಮೊದಲೆರಡರ ವ್ಯತ್ಯಾಸವನ್ನು ಮೂರನೆಯದರಿಂದ ಭಾಗಿಸಿದರೆ ನಾಳಗಳ ಪ್ರತಿರೋಧ 9 ಘಟಕ. ಅದು 2ರ ಒಳಗಿರಬೇಕಿತ್ತು. ಈ ಭಾಗಾಕಾರವನ್ನು ವೈದ್ಯರು ಹಾಳೆಯ ಹಿಂಬದಿಯಲ್ಲಿ ನಮ್ಮೆದುರಿಗೇ ಮಾಡಿ ತೋರಿಸಿದರು. ಕಾಯಿಲೆ ಹೃದಯದಲ್ಲಿಲ್ಲ, ನಾಳದಲ್ಲಿದೆ ಎಂಬ ಮಾತನ್ನು ನಾವು ನಂಬಿದ್ದು ಅವರು ಹೇಳಿದ್ದರಿಂದಲ್ಲ, ಲೆಕ್ಕ ಕಣ್ಣೆದುರು ಬಂದದ್ದರಿಂದ. ಮೊದಲನೆಯ ಗುಂಪಿನವರಲ್ಲಿ ಕಾರಣ ತಿಳಿಯದ ಬಗೆಯವರಿಗೆ ಇದೇ ಹೊತ್ತಿನಲ್ಲಿ ನೈಟ್ರಿಕ್ ಆಕ್ಸೈಡ್ ಅನಿಲ ಉಸಿರಾಡಲು ಕೊಟ್ಟು ಒತ್ತಡ ಇಳಿಯುತ್ತದೆಯೇ ನೋಡುತ್ತಾರೆ. ಚೆನ್ನಾಗಿ ಇಳಿಯುವ ಕೆಲವೇ ಕೆಲವರಿಗೆ, ಹತ್ತರಲ್ಲಿ ಒಬ್ಬರಿಗೋ ಇನ್ನೂ ಕಡಿಮೆಯವರಿಗೋ, ಅಗ್ಗದ ಕ್ಯಾಲ್ಸಿಯಂ ಚಾನೆಲ್ ತಡೆಯುವ ಮಾತ್ರೆಗಳೇ ದೀರ್ಘಕಾಲ ಸಾಕಾಗಬಹುದು. ಈ ಪರೀಕ್ಷೆ ಮಾಡುವ ಸೌಲಭ್ಯವಿದೆಯೇ ಎಂಬುದು ಕ್ಲಿನಿಕ್ ಆರಿಸುವವರು ಕೇಳಬೇಕಾದ ಪ್ರಶ್ನೆ.

ಆಮೇಲಿನ ತೀರ್ಮಾನ ಒಬ್ಬರದಲ್ಲ. ಹೃದ್ರೋಗ ತಜ್ಞರು, ಶ್ವಾಸಕೋಶ ತಜ್ಞರು, ರೇಡಿಯಾಲಜಿಸ್ಟ್, ಶಸ್ತ್ರಚಿಕಿತ್ಸಕರು ಒಟ್ಟಿಗೆ ಕುಳಿತು ಚಿತ್ರಗಳನ್ನು ನೋಡಿ, ಹೆಪ್ಪು ಶಸ್ತ್ರಚಿಕಿತ್ಸಕರ ಕೈಗೆ ಸಿಗುವಷ್ಟು ದೊಡ್ಡ ನಾಳಗಳಲ್ಲಿದೆ ಎಂದು ನಿರ್ಧರಿಸಿದರು. ಪಲ್ಮನರಿ ಎಂಡಾರ್ಟರೆಕ್ಟಮಿ ಎಂಬ ಈ ಶಸ್ತ್ರಕ್ರಿಯೆಯನ್ನು ಬೆಳೆಸಿದ ಮುಖ್ಯ ಕೇಂದ್ರ ಅಮೆರಿಕದ ಸ್ಯಾನ್ ಡಿಯೇಗೊದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆ. ನಮ್ಮ ದೇಶದಲ್ಲಿ ದೆಹಲಿಯ ಏಮ್ಸ್, ಬೆಂಗಳೂರಿನ ನಾರಾಯಣ ಹೃದಯಾಲಯದಂಥ ಕೆಲವೇ ಕಡೆ ಇದಕ್ಕೆ ಪಳಗಿದ ತಂಡಗಳಿವೆ. ಎದೆ ತೆರೆದು, ರೋಗಿಯನ್ನು ಹೃದಯ-ಶ್ವಾಸಕೋಶ ಯಂತ್ರಕ್ಕೆ ಜೋಡಿಸಿ, ದೇಹವನ್ನು ಸುಮಾರು 20 ಡಿಗ್ರಿ ಸೆಲ್ಸಿಯಸ್‌ವರೆಗೆ ತಂಪಾಗಿಸಿ, ರಕ್ತದ ಓಟವನ್ನೇ ಒಂದು ಸಲಕ್ಕೆ 20 ನಿಮಿಷದಷ್ಟು ನಿಲ್ಲಿಸಿ, ಆ ನಿಶ್ಚಲತೆಯಲ್ಲಿ ನಾಳದ ಒಳಪದರವನ್ನು ನಾರುಗಟ್ಟಿದ ಹೆಪ್ಪಿನ ಸಮೇತ ಬಿಡಿಸಿ ತೆಗೆಯುತ್ತಾರೆ. ಕೇಳಿದರೆ ಮೈ ಜುಮ್ಮೆನ್ನುತ್ತದೆ. ಅನುಭವವಿರುವ ಕೇಂದ್ರಗಳಲ್ಲಿ ಸಾವಿನ ಪ್ರಮಾಣ ನೂರಕ್ಕೆ ಐದರ ಒಳಗಿದೆ ಎಂದು ಶಸ್ತ್ರಚಿಕಿತ್ಸಕರು ಹೇಳಿದರು. "ನಿಮಗೆ ಏನೂ ಆಗುವುದಿಲ್ಲ" ಎನ್ನಲಿಲ್ಲ. ಅಂಕಿಯನ್ನು ಮರೆಮಾಚದೆ ಹೇಳಿ, ಯೋಚಿಸಲು ಊರಿಗೆ ಹೋಗಿಬನ್ನಿ ಎಂದದ್ದು ನನಗೆ ಹಿಡಿಸಿತು. ಭಾವನವರಿಗೆ ಹಿಡಿಸಲಿಲ್ಲ, ಡಾಕ್ಟರಾದವರು ಧೈರ್ಯ ಹೇಳಬೇಕಿತ್ತು ಎಂಬುದು ಅವರ ಅಭಿಪ್ರಾಯ.

ಶಸ್ತ್ರಕ್ರಿಯೆ ಯಶಸ್ವಿಯಾಯಿತು. ಆರು ತಿಂಗಳ ನಂತರ ಮತ್ತೆ ಕ್ಯಾತಿಟರ್ ಮಾಡಿದಾಗ ಸರಾಸರಿ ಒತ್ತಡ 24 ಇತ್ತು, ಅಂದರೆ ಪುಸ್ತಕದ ಗಡಿಗಿಂತ ಇನ್ನೂ ಮೇಲೆಯೇ. ಅದನ್ನೂ ಅವರು ಪೂರ್ತಿ ಗುಣವೆಂದು ಬಣ್ಣಿಸದೆ, ಈಗ ಮಾತ್ರೆ ಬೇಡ, ಆದರೆ ನಿಗಾ ಬೇಕು ಎಂದು ಬರೆದುಕೊಟ್ಟರು. ಶಸ್ತ್ರಕ್ರಿಯೆ ಸಾಧ್ಯವಾಗದ ಅಥವಾ ಆಮೇಲೂ ಒತ್ತಡ ಹೆಚ್ಚಾಗಿ ಉಳಿದ ರೋಗಿಗಳಿಗೆ ರಿಯೊಸಿಗ್ವಾಟ್ ಎಂಬ ಮಾತ್ರೆಯೂ ಬಲೂನಿನಿಂದ ನಾಳ ಹಿಗ್ಗಿಸುವ ವಿಧಾನವೂ ಇವೆ. ಆ ಮಾತ್ರೆಯನ್ನು ಸಿಲ್ಡೆನಾಫಿಲ್ ಜೊತೆ ಸೇರಿಸಿ ಕೊಡುವಂತಿಲ್ಲ.

ಕಾಯುವ ಕೋಣೆಯಲ್ಲಿ ನಾನು ಗಮನಿಸಿದ ಇನ್ನೊಂದು ಸಂಗತಿ ಈ ಕ್ಲಿನಿಕ್ಕಿನ ನಿಜವಾದ ಹೆಚ್ಚುಗಾರಿಕೆ ಎನ್ನಬಹುದು. ಮೊದಲನೆಯ ಗುಂಪಿನ ರೋಗಿಗಳಲ್ಲಿ ಹೆಂಗಸರೇ ಹೆಚ್ಚು, ಅದರಲ್ಲೂ ಹೊಸದಾಗಿ ಮದುವೆಯಾದವರು, ಮಕ್ಕಳಾಗಬೇಕಾದ ವಯಸ್ಸಿನವರು ಇರುತ್ತಾರೆ. ಈ ಕಾಯಿಲೆಯಲ್ಲಿ ಗರ್ಭ ಧರಿಸುವುದು ತಾಯಿಯ ಪ್ರಾಣಕ್ಕೇ ಅಪಾಯ. ಚಿಕಿತ್ಸೆಗೆ ಕೊಡುವ ಬೊಸೆಂಟಾನ್, ಆಂಬ್ರಿಸೆಂಟಾನ್, ಮ್ಯಾಸಿಟೆಂಟಾನ್ ಮಾತ್ರೆಗಳು ಭ್ರೂಣಕ್ಕೆ ಹಾನಿ ಮಾಡುತ್ತವೆ. ಅದರಲ್ಲೂ ಬೊಸೆಂಟಾನ್ ಗರ್ಭನಿರೋಧಕ ಗುಳಿಗೆಯ ಶಕ್ತಿಯನ್ನು ಕುಂದಿಸುತ್ತದೆ, ಯಕೃತ್ತಿನ ಪರೀಕ್ಷೆಯನ್ನು ತಿಂಗಳು ತಿಂಗಳು ಮಾಡಿಸಬೇಕಾಗುತ್ತದೆ. ಅತ್ತೆಯ ಜೊತೆ ಬಂದ ಸೊಸೆಗೆ ಅತ್ತೆಯ ಎದುರಿಗೆ ಇದನ್ನು ಹೇಳಿದರೆ ಏನಾಗುತ್ತದೆಂದು ನಮಗೆಲ್ಲ ಗೊತ್ತು. ಇಲ್ಲಿಯ ಸಿಸ್ಟರ್ ತೂಕ ನೋಡಬೇಕೆಂಬ ನೆಪದಲ್ಲಿ ಹೆಣ್ಣುಮಕ್ಕಳನ್ನು ಒಳಗೆ ಒಬ್ಬರನ್ನೇ ಕರೆದು ಮಾತಾಡುತ್ತಾರೆ, ಮರುಭೇಟಿಗೆ ಗಂಡನನ್ನು ಕರೆತರಲು ಹೇಳುತ್ತಾರೆ. ಬಿಲ್ಲಿನಲ್ಲಿ ಕಾಣದ ಈ ಸೇವೆಗೆ ಬೆಲೆ ಕಟ್ಟಲಾಗದು.

ಇನ್ನು ದೂರುಗಳು. ಕ್ಲಿನಿಕ್ ವಾರಕ್ಕೊಂದೇ ಮಧ್ಯಾಹ್ನ ನಡೆಯುವುದರಿಂದ ದೂರದ ಊರಿನವರು ಆ ದಿನ ತಪ್ಪಿಸಿಕೊಂಡರೆ ಒಂದು ವಾರ ಹೋಯಿತೆಂದೇ ಅರ್ಥ. ಟೋಕನ್ ಕೊಡುವ ಕಿಟಕಿಯವರಿಗೂ ಕ್ಲಿನಿಕ್ಕಿನವರಿಗೂ ಹೊಂದಾಣಿಕೆ ಇಲ್ಲ. ಬೆಳಿಗ್ಗೆಯೇ ಬಂದು ರಕ್ತ ಕೊಟ್ಟವರ ವರದಿ ಮಧ್ಯಾಹ್ನದ ಹೊತ್ತಿಗೆ ಬಾರದೆ, ವೈದ್ಯರ ಮುಂದೆ ಕುಳಿತು ಕಂಪ್ಯೂಟರಿನ ಪರದೆ ನೋಡುತ್ತಾ ಕಾಯುವ ಪರಿಸ್ಥಿತಿ ಪ್ರತಿ ಸಲವೂ ಇತ್ತು. ಏದುಸಿರಿನ ರೋಗಿಗಳೇ ಬರುವ ಕ್ಲಿನಿಕ್ಕನ್ನು ಲಿಫ್ಟಿನಿಂದ ಅಷ್ಟು ದೂರದ ಮೂಲೆಯಲ್ಲಿ ಇಟ್ಟವರು ಯಾರೋ ತಿಳಿಯದು. ಗಾಲಿಕುರ್ಚಿ ಕೇಳಿದರೆ ಆಧಾರ್ ಕಾರ್ಡ್ ಒತ್ತೆಯಿಡಿ ಎನ್ನುತ್ತಾರೆ. ಡಿಸ್ಚಾರ್ಜ್ ಸಮ್ಮರಿ ಪೂರ್ತಿ ಇಂಗ್ಲಿಷಿನಲ್ಲಿದ್ದು, ಚೀಟಿಯಲ್ಲಿ ಕನ್ನಡ ಮುದ್ರಿಸಲು ತೋರಿದ ಕಾಳಜಿ ಅಲ್ಲಿಗೆ ತಲುಪಿಲ್ಲ. ವಿಮೆಯ ವಿಭಾಗವಂತೂ ಬೇರೊಂದು ಆಸ್ಪತ್ರೆಯೇ ಎನ್ನುವ ಹಾಗಿದೆ: ಕ್ಯಾತಿಟರ್ ಪರೀಕ್ಷೆ ಬರೀ ತಪಾಸಣೆ, ಚಿಕಿತ್ಸೆಯಲ್ಲ ಎಂದು ವಿಮಾ ಕಂಪನಿ ತಕರಾರು ತೆಗೆದಾಗ ಪತ್ರ ಬರೆದುಕೊಡಲು ವೈದ್ಯರು ತಕ್ಷಣ ಒಪ್ಪಿದರೂ ಆ ಪತ್ರ ವಿಮಾ ಕಂಪನಿಯ ಪರವಾಗಿ ಕ್ಲೇಮು ನೋಡಿಕೊಳ್ಳುವ ಟಿ.ಪಿ.ಎ. ಕೌಂಟರಿನಿಂದ ಮುಂದೆ ಹೋಗಲು ನಾನೇ ಬೆನ್ನು ಹತ್ತಬೇಕಾಯಿತು.

ಖರ್ಚಿನ ಬಗ್ಗೆ ತಿಳಿದಿರಬೇಕಾದ್ದು ಇಷ್ಟು. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವಿದೆ. ಆದರೆ ಅದು ಮುಖ್ಯವಾಗಿ ಒಳರೋಗಿ ಚಿಕಿತ್ಸೆಯ ಪ್ಯಾಕೇಜುಗಳ ಸುತ್ತ ಕಟ್ಟಿದ ಯೋಜನೆ, ಖಾಸಗಿ ಆಸ್ಪತ್ರೆಗೆ ಹೋಗಲು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಮೊದಲನೆಯ ಗುಂಪಿನವರು ಜೀವನಪೂರ್ತಿ ನುಂಗಬೇಕಾದ ಮಾತ್ರೆಗಳ ತಿಂಗಳ ಖರ್ಚು ಕೈಯಿಂದಲೇ ಹೋಗುತ್ತದೆ. ಸಿಲ್ಡೆನಾಫಿಲ್, ಟಡಾಲಾಫಿಲ್, ಬೊಸೆಂಟಾನ್, ಆಂಬ್ರಿಸೆಂಟಾನ್‌ಗಳು ನಮ್ಮ ದೇಶದ ಕಂಪನಿಗಳಲ್ಲೇ ತಯಾರಾಗುವುದರಿಂದ ವಿದೇಶದ ಬೆಲೆಗಿಂತ ಎಷ್ಟೋ ಅಗ್ಗ. ಆದರೂ ಎರಡು ಮಾತ್ರೆಗಳನ್ನು ಒಟ್ಟಿಗೆ ವರ್ಷಾನುಗಟ್ಟಲೆ ತೆಗೆದುಕೊಳ್ಳುವುದು ಕೂಲಿ ಮಾಡುವ ಮನೆಗೆ ಸುಲಭವಲ್ಲ. ಇದೇ ಗುಂಪಿನ ಕಾಯಿಲೆಗೆ 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸೊಟಾಟರ್ಸೆಪ್ಟ್ ಎಂಬ ಚುಚ್ಚುಮದ್ದಿನ ಸುದ್ದಿ ಓದಿ ಕೇಳುವವರಿಗೆ ವೈದ್ಯರು ಆಸೆ ಹುಟ್ಟಿಸುವುದಿಲ್ಲ, ಅದರ ಬೆಲೆಯನ್ನು ನೇರವಾಗಿ ಹೇಳುತ್ತಾರೆ.

ಹಾಗಾದರೆ ಎಲ್ಲರೂ ಇಂಥ ಕ್ಲಿನಿಕ್ಕಿಗೆ ಓಡಬೇಕೇ? ಇಲ್ಲ. ಕವಾಟದ ತೊಂದರೆಯೆಂದು ಎಕೋದಲ್ಲೇ ಸ್ಪಷ್ಟವಾಗಿ ಕಂಡವರಿಗೆ ಒಳ್ಳೆಯ ಹೃದ್ರೋಗ ಆಸ್ಪತ್ರೆ ಸಾಕು. ಜಯದೇವ ಹೃದ್ರೋಗ ಸಂಸ್ಥೆ ಬೆಂಗಳೂರಿನಲ್ಲಷ್ಟೇ ಅಲ್ಲದೆ ಮೈಸೂರು, ಕಲಬುರಗಿಗಳಲ್ಲೂ ಇದೆ. ಎಡ ಹೃದಯ ಚೆನ್ನಾಗಿದ್ದೂ, ಶ್ವಾಸಕೋಶದಲ್ಲಿ ದೊಡ್ಡ ಕಾಯಿಲೆ ಕಾಣದೆಯೂ ಎಕೋದಲ್ಲಿ ಒತ್ತಡ ಹೆಚ್ಚಿದ್ದರೆ, ಬಲ ಹೃದಯ ಹಿಗ್ಗಿದೆ ಎಂದು ಬರೆದಿದ್ದರೆ, ಅಥವಾ ಕಾರಣ ಹೇಳದೆ ಸಿಲ್ಡೆನಾಫಿಲ್ ಮಾತ್ರ ಬರೆದುಕೊಟ್ಟಿದ್ದರೆ ತಡಮಾಡದೆ ಹೋಗಬೇಕು. ಹೋಗುವಾಗ ವರದಿಯ ಕಾಗದ ಮಾತ್ರವಲ್ಲ, ಎಕೋ ಮತ್ತು ಸಿ.ಟಿ.ಯ ಚಿತ್ರಗಳಿರುವ ಸಿ.ಡಿ.ಯನ್ನು ತಪ್ಪದೆ ಒಯ್ಯಬೇಕು, ಏಕೆಂದರೆ ಅಕ್ಕನ ವಿಷಯದಲ್ಲಿ ವರದಿ ಇಲ್ಲವೆಂದದ್ದನ್ನು ಚಿತ್ರ ಇದೆ ಎಂದಿತು.

ಶಸ್ತ್ರಕ್ರಿಯೆಯಾದವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಜೀವನಪೂರ್ತಿ ತೆಗೆದುಕೊಳ್ಳಬೇಕು. ಅಕ್ಕನಿಗೆ ಕೊಟ್ಟಿರುವುದು ಅಸಿಟ್ರಾಂ, ರಕ್ತ ಹೆಪ್ಪುಗಟ್ಟುವುದು ಎಷ್ಟು ನಿಧಾನವಾಗಿದೆ ಎಂದು ತೋರಿಸುವ ಐ.ಎನ್.ಆರ್. ಎಂಬ ರಕ್ತಪರೀಕ್ಷೆಯಲ್ಲಿ ಅಂಕಿ 2ರಿಂದ 3ರ ನಡುವೆ ಇರುವಂತೆ ಅದರ ಪ್ರಮಾಣ ಹೊಂದಿಸುತ್ತಾರೆ. ಸೊಪ್ಪಿನಲ್ಲಿರುವ ಕೆ ವಿಟಮಿನ್ ಈ ಮಾತ್ರೆಗೆ ಎದುರಾಗಿ ಕೆಲಸ ಮಾಡುತ್ತದೆಂದು ಬೇರೆ ಕಡೆ ಸೊಪ್ಪನ್ನೇ ಬಿಡಿ ಎನ್ನುತ್ತಾರಂತೆ. ಇಲ್ಲಿಯ ಆಹಾರತಜ್ಞೆ ಸೊಪ್ಪಿನ ಸಾರು ಬಿಡಬೇಡಿ, ವಾರ ವಾರಕ್ಕೆ ಹೆಚ್ಚುಕಡಿಮೆ ಮಾಡದೆ ಒಂದೇ ಅಳತೆಯಲ್ಲಿ ತಿನ್ನಿ ಎಂದು ಹೇಳಿದ್ದು ನಮ್ಮ ಕಡೆಯ ಮನೆಗಳಿಗೆ ನಡೆಯುವ ಮಾತು. ಮರುಭೇಟಿಯ ಹಿಂದಿನ ದಿನವೇ ಐ.ಎನ್.ಆರ್. ಅನ್ನು ಊರಿನ ಲ್ಯಾಬಿನಲ್ಲಿ ಮಾಡಿಸಿ ಚೀಟಿ ತಂದರೆ ಕ್ಲಿನಿಕ್ಕಿನವರು ಒಪ್ಪಿಕೊಳ್ಳುತ್ತಾರೆ. ಹಾಗೆ ಮಾಡಿದರೆ ರಕ್ತ ಕೊಡುವ ಸಾಲೂ ವರದಿಗಾಗಿ ಕಾಯುವುದೂ ಎರಡೂ ತಪ್ಪುತ್ತವೆ, ಸಂಜೆಯ ರೈಲಿಗೆ ದಾವಣಗೆರೆಗೆ ಮರಳಬಹುದು.